ಶೈಲಾ ಆಂಟಿಯ ಬೇಸ್‌ಮೆಂಟಿನಲ್ಲಿ ಯುರೋಪು

ಅದು ೨೦೨೪ರ ವಸಂತ. ಯುರೋಪಿನ ಸಂಸತ್ತಿಗೆ ಚುನಾವಣೆ ಹತ್ತಿರ ಬಂದಿತ್ತು. ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನಮ್ಮ ಪಕ್ಕದ ಬೀದಿಯ ಶೈಲಾ ಆಂಟಿ ಮೈಸೂರಿನವರು. ಬೆಲ್ಜಿಯಂನವರನ್ನು ಮದುವೆಯಾಗಿ, ಅಲ್ಲಿನ ಪ್ರಜೆಯಾಗಿ, ಅಲ್ಲಿನ ಸಮಾಜವಾದಿ ಪಕ್ಷವನ್ನೂ ಸೇರಿದವರು. ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದ್ದ ಯುರೋಪಿನ ನಾನಾ ದೇಶಗಳ ಸಮಾಜವಾದಿಗಳನ್ನು ಒಂದು ಶನಿವಾರ ತಮ್ಮ ಬೇಸ್‌ಮೆಂಟಿಗೆ ಕರೆದಿದ್ದರು. ಇಲ್ಲಿರುವ ತಮ್ಮ ದೇಶದ ಮತದಾರರಿಗೆ ಎಲ್ಲರೂ ಸೇರಿ ಒಂದೇ ಕರಪತ್ರ ಕಳಿಸಬೇಕೆಂಬುದು ಅವರ ಆಸೆ. ಪ್ರೊಜೆಕ್ಟರ್ ನೋಡಿಕೊಳ್ಳಲು ನಾನು. ನಾನು ಹೋದದ್ದು ಸಮಾಜವಾದಕ್ಕಲ್ಲ, ವಾಂಗೀಬಾತಿಗೆ.

ಆ ಸಭೆಯಲ್ಲಿ ಆಂಟಿ ಒಂದು ಕಟ್ಟಳೆ ಮಾಡಿದ್ದರು. ಯಾರನ್ನಾದರೂ ವಿರೋಧಿಸುವ ಮೊದಲು ಅವರ ಮಾತನ್ನು ಅವರೇ "ಹೌದು, ಇದೇ" ಅನ್ನುವಂತೆ ಹೇಳಿ ತೋರಿಸಬೇಕು. ಕೊನೆಗೆ ಕರಪತ್ರದ ಕೆಳಗೆ ಎಲ್ಲರ ಹೆಸರೂ ಇರಬೇಕು.

ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರ. ಆಮೇಲೆ ಫ್ರಾನ್ಸಿನ ಕ್ಲೇರ್ ಬರೆದ ಒಂದು ಸಾಲಿಗೆ ಪೋಲೆಂಡಿನ ಪ್ಯೋತ್ರ್ ಕೆರಳಿದ. "ಹೊರಗಿನಿಂದ ಬರುವ ಅಗ್ಗದ ಕೆಲಸಗಾರರನ್ನು ತಡೆಯೋಣ" ಎಂಬ ಸಾಲು. ಏನೇನೋ ಕಾರಣ ಹೇಳಿ, ಇದಿದ್ದರೆ ತನ್ನ ಹೆಸರು ತೆಗೆಯಿರಿ ಎಂದು ಮೇಜು ಗುದ್ದಿ, ಫೋನ್ ಮಾಡಲು ಹೊರಗೆ ಹೋದ. ಅವನು ಹೋದರೆ ಪೋಲೆಂಡ್ ಹೋಯಿತು. ಒಂದೇ ಕರಪತ್ರದ ಮಾತೂ ಹೋಯಿತು. ಆಂಟಿಯ ಮುಖ ಸಪ್ಪಗಾಯಿತು.

ಸಪ್ಪೆ ಮುಖ ಕಂಡರೆ ನನಗೆ ತಡೆಯಲಾಗದು. ಗದ್ದ ಎದೆಗೊತ್ತಿಕೊಂಡು, ಒಂದೊಂದು ಪದಕ್ಕೂ ಮೊಳೆ ಹೊಡೆಯುತ್ತ ಪ್ಯೋತ್ರ್ ಆಗಿಬಿಟ್ಟೆ. ಎಲ್ಲರೂ ನಕ್ಕರು. ನಗು ಫಕ್ಕನೆ ನಿಂತಿತು. ಬಾಗಿಲಲ್ಲಿ ಅಸಲಿ ಪ್ಯೋತ್ರ್.

"ದನಿ ಚೆನ್ನಾಗಿದೆ," ಎಂದ. "ನಾನು ಹೇಳಿದ್ದೇನು?"

ನನಗೆ ಗೊತ್ತಿರಲಿಲ್ಲ. ಅವನ ಗಂಟಲನ್ನಷ್ಟೇ ಕೇಳಿಸಿಕೊಂಡಿದ್ದೆ.

"ಏನೋ, ಬಾಯಿ ಬಿದ್ದೋಯ್ತಾ?" ಎಂದರು ಆಂಟಿ ಕನ್ನಡದಲ್ಲಿ. "ರೂಲ್ಸ್ ನಿಂಗೂ ಅಪ್ಲೈ ಆಗತ್ತೆ. ಕೇಳ್ಕೊಂಡು ಹೇಳಪ್ಪ."

"ಆಂಟಿ, ನಾನು ಬರೀ ಪ್ರೊಜೆಕ್ಟರ್..."

"ಪ್ರೊಜೆಕ್ಟರ್‌ಗೆ ಮಿಮಿಕ್ರಿ ಬರಲ್ಲ ಕಣೋ."

ಇನ್ನೊಮ್ಮೆ ಹೇಳುವಂತೆ ಪ್ಯೋತ್ರ್‌ನನ್ನು ಬೇಡಿಕೊಂಡೆ. ಹೇಳಿದ. ನಾನು ಅವನ ದನಿಯಲ್ಲೇ ಶುರು ಮಾಡಿದೆ: "ನನ್ನ ತಮ್ಮ ಫ್ರಾನ್ಸಿನಲ್ಲಿ ಗೋಡೆಗೆ ಗಾರೆ ಬಳಿಯುತ್ತಾನೆ. ಕಡಿಮೆ ಕೂಲಿ ಅವನು ಕೇಳಿದ್ದಲ್ಲ, ಕಂಪನಿ ಕೊಟ್ಟಿದ್ದು. ಅವನು ಯಾರ ಕೆಲಸವನ್ನೂ ಕದ್ದಿಲ್ಲ..." ಅಷ್ಟರಲ್ಲಿ ಮೊಳೆ ಹೊಡೆಯುವ ದನಿ ಎಲ್ಲೋ ಜಾರಿತು. ಉಳಿದದ್ದನ್ನು ನನ್ನದೇ ದನಿಯಲ್ಲಿ, ತೊದಲುತ್ತ ಮುಗಿಸಿದೆ. ಯಾರೂ ನಗಲಿಲ್ಲ.

"ಹೌದು, ಇದೇ," ಎಂದ ಪ್ಯೋತ್ರ್.

ಕ್ಲೇರ್ ಹೇಳಿದಳು: "ನಮ್ಮೂರಿನವರ ಕೂಲಿ ಬೀಳಬಾರದು ಅನ್ನುವುದಷ್ಟೇ ನನ್ನ ಸಂಕಟ. ನಿನ್ನ ತಮ್ಮನ ಮೇಲೆ ಕೋಪವಿಲ್ಲ." ಅದನ್ನು ಪ್ಯೋತ್ರ್ ತಿರುಗಿ ಹೇಳಿ, ಅವಳಿಂದಲೂ "ಹೌದು" ಅನ್ನಿಸಿಕೊಂಡ. ಹಳೆಯ ಸಾಲು ಅಳಿಸಿ ಹೊಸದನ್ನು ಟೈಪ್ ಮಾಡಿದವನು ನಾನೇ: "ಎಲ್ಲಿಂದ ಬಂದವರಾದರೂ ಒಂದೇ ಕೆಲಸಕ್ಕೆ ಒಂದೇ ಕೂಲಿ. ತಪ್ಪಿದರೆ ಹೊಣೆ ಕಂಪನಿಯದು." ಪ್ಯೋತ್ರ್‌ನ ಹೆಸರು ಉಳಿಯಿತು.

ಹೊರಡುವಾಗ ಡ್ರೈವ್‌ವೇಯಲ್ಲಿ ಅವನು ನನ್ನನ್ನು ತಡೆದ. "ಕೊನೆಗೆ ದನಿ ಬದಲಾಯಿತಲ್ಲ, ಅದು ಯಾರದು?"

ಆಗ ನನ್ನ ಆಫೀಸಿನ ಒಂದು ಮಾತು ಹೇಳಿದೆ. ಒಮ್ಮೆ ಊಟದ ಹೊತ್ತಿನಲ್ಲಿ ಒಬ್ಬ ಸಹೋದ್ಯೋಗಿ, ವೀಸಾದ ಮೇಲೆ ಬರುವ ನಮ್ಮಂಥವರು ಅಗ್ಗಕ್ಕೆ ಸಿಗುತ್ತಾರೆ ಎಂದು ನನ್ನೆದುರೇ ಅಂದಿದ್ದ. ನಾನು ಅವನನ್ನೇ ಅನುಕರಿಸಿ ಗೆಳೆಯರನ್ನೆಲ್ಲ ನಗಿಸಿದ್ದೆ. ನೋವಾಯಿತು ಅಂತ ಮಾತ್ರ ಯಾರಿಗೂ ಹೇಳಿರಲಿಲ್ಲ. ಪ್ಯೋತ್ರ್ ಕಾರಿಗೆ ಒರಗಿ ಪೂರ್ತಿ ಕೇಳಿದ. ಆಮೇಲೆ ಅದನ್ನೇ ತನ್ನ ಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ತಿರುಗಿ ಹೇಳಿ, ಸರಿಯೇ ಎಂಬಂತೆ ನನ್ನನ್ನು ನೋಡಿದ.

ಆ ಚುನಾವಣೆಯಲ್ಲಿ ನನಗೆ ಮತವಿರಲಿಲ್ಲ. ಈ ದೇಶದಲ್ಲೂ ಇಲ್ಲ. ಆದರೂ ನನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ "ಹೌದು, ಇದೇ" ಎಂದೆನಲ್ಲ, ಆಗಿನ ಹಗುರ ಇವತ್ತಿಗೂ ಎದೆಯಲ್ಲಿದೆ.