ಹೆಚ್ಚಾಗಿದ್ದ ಒಂದು ಫೈಲು

ಗಾಳಿ, ಮಾಟ ಅಂದರೆ ನಗುತ್ತಿದ್ದವನು ನಾನು. ಲೆಕ್ಕ ತಪ್ಪಿದರೆ ಎಣಿಸಿದವನು ತಪ್ಪಿದ್ದಾನೆ, ಅಷ್ಟೇ ಅನ್ನುತ್ತಿದ್ದೆ. ಇದನ್ನು ಓದಿ ನೀವೂ ಹಾಗೇ ಅಂದರೆ ನನಗೇನೂ ಬೇಸರವಿಲ್ಲ.

ಕೊಳ್ಳೇಗಾಲ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿ ಎರಡು ಮೂರು ವರ್ಷವಾಗಿತ್ತು. ಆ ಕಡೆಯ ಒಂದು ಕಚೇರಿಯಲ್ಲಿ ನಾನು ಹಳೇ ದಾಖಲೆಗಳ ಗುಮಾಸ್ತ. ಊರಿಗೊಂದು ಬಟ್ಟೆಯ ಗಂಟು, ಗಂಟಿನ ಮೇಲೆ ಒಳಗಿರುವ ಫೈಲುಗಳ ಪಟ್ಟಿ. ಪಟ್ಟಿಗಳನ್ನೆಲ್ಲ ಹೊಸದಾಗಿ ಬರೆದವನು ನಾನೇ. ಆ ಜಂಬವೂ ಇತ್ತು. ಯಾರು ಏನು ಕೇಳಿದರೂ ಪಟ್ಟಿ ನೋಡಿ ಇದೆ, ಇಲ್ಲ ಅಂದುಬಿಡುತ್ತಿದ್ದೆ. ಧೂಳು ತಿನ್ನುತ್ತಾ ಗಂಟು ಬಿಚ್ಚುವವರು ಯಾರು?

ಹೂಗ್ಯಂನಿಂದ ಮಾದಮ್ಮ ಎಂಬ ವಿಧವೆ ಬಂದಳು. ಗಂಡನಿಗೆ ಮಂಜೂರಾಗಿದ್ದ ಎರಡೆಕರೆ ಹೊಲವನ್ನು ಮೈದುನ ತನ್ನದು ಅನ್ನುತ್ತಿದ್ದ. ಮಂಜೂರಾತಿಯ ಫೈಲು ಸಿಕ್ಕರೆ ಹೊಲ ಅವಳಿಗೆ, ಇಲ್ಲವಾದರೆ ಅವನಿಗೆ. ಪಟ್ಟಿಯಲ್ಲಿ ಗಂಡನ ಹೆಸರಿರಲಿಲ್ಲ. ಎರಡು ಸಲ ವಾಪಸ್ಸು ಕಳಿಸಿದೆ. ಮೂರನೇ ಸಲ ಬಾಗಿಲಲ್ಲೇ ಕೂತುಬಿಟ್ಟಳು. ಒಳ್ಳೇ ಪೀಡೆಯಾಯಿತಲ್ಲ ಎಂದು ಗೊಣಗುತ್ತಾ ಗಂಟು ಬಿಚ್ಚಿದೆ.

ಪಟ್ಟಿಯಲ್ಲಿ ಮೂವತ್ತೆರಡು. ಎಣಿಸಿದರೆ ಮೂವತ್ತಮೂರು. ಒಂದೊಂದನ್ನೇ ಪಟ್ಟಿಗೆ ತಾಳೆ ನೋಡಿ ಪಕ್ಕಕ್ಕಿಟ್ಟೆ. ಮೂವತ್ತೆರಡೂ ಸರಿಹೋದವು, ಕೈಯಲ್ಲಿ ಏನೂ ಉಳಿಯಲಿಲ್ಲ. ಮತ್ತೆ ಎಣಿಸಿದೆ, ಮೂವತ್ತಮೂರು. ಒಂದರೊಳಗೊಂದು ಸೇರಿದೆಯೇ ಎಂದು ಹಾಳೆ ಹಾಳೆ ಮಗುಚಿದೆ. ಇಲ್ಲ. ಜವಾನ ಬಂದು ಎಣಿಸಿದ, ಅವನಿಗೂ ಮೂವತ್ತಮೂರೇ ಬಂತು. ಮಟಮಟ ಮಧ್ಯಾಹ್ನದಲ್ಲಿ ನಾನು ಗಂಟಿನ ಬಳಿಯಿಂದ ಎದ್ದು ದೂರ ಸರಿದೆ.

ನಾವು ಗಟ್ಟಿಯಾಗಿ ಎಣಿಸಿದ್ದು ಮಾದಮ್ಮನಿಗೆ ಕೇಳಿಸಿತ್ತು.

"ಎಚ್ಚಾಗಿರೋ ಆ ಒಂದು ನಮ್ದೇ ಕಣ್ಸಾ," ಅಂದಳು. "ಇನ್ನೊಂದ್ಸಲ ನೋಡಿ ಸಾ."

ನೋಡಲಿಲ್ಲ. ಸಾಹೇಬರಿಗೆ ತಿಳಿದರೆ ನಿನ್ನ ಪಟ್ಟಿಯೇ ತಪ್ಪು ಅಂದಾರು ಎಂಬ ಭಯ ನನಗೆ. ಗಂಟು ಕಟ್ಟಿದೆ. 'ಫೈಲು ಇರುವುದಿಲ್ಲ' ಎಂದು ಕಚೇರಿಯ ಹಿಂಬರಹ ಬರೆದುಕೊಟ್ಟೆ. ಓದು ಬಾರದ ಹೆಂಗಸು ಅದನ್ನೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರ ಕಡೆ ಹೋಗುವ ರಾಮಾಪುರದ ಬಸ್ಸು ಹತ್ತಿದಳು.

ಹೊಲ ಮೈದುನನ ಪಾಲಾಯಿತು. ಅದೇ ಹೊಲಕ್ಕೆ ಅವಳೀಗ ಕಳೆ ಕೀಳುವ ಕೂಲಿಗೆ ಹೋಗುತ್ತಾಳೆಂದು ಒಂದು ದಿನ ಆ ಊರಿನವರೊಬ್ಬರು ಹೇಳಿದರು. ತಡೆಯಲಾಗದೆ ಆಗಲೇ ಹೋಗಿ ಗಂಟು ಬಿಚ್ಚಿದೆ. ಮೂವತ್ತೆರಡು. ಹತ್ತು ಸಲ ಎಣಿಸಿದರೂ ಮೂವತ್ತೆರಡೇ.

ನನಗೂ ಜವಾನನಿಗೂ ಅಂದು ಹೇಗೆ ಲೆಕ್ಕ ತಪ್ಪಿತೋ, ತಪ್ಪಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದು ಹಾಳಾಗಲಿ. ಎಣಿಸಿದಾಗ ಒಂದು ಹೆಚ್ಚು ಬಂತು ಎಂದು ಆ ಕಾಗದದಲ್ಲಿ ಒಂದು ಸಾಲು ಬರೆಯುವುದಕ್ಕೆ ನನಗೇನು ದಾಡಿಯಾಗಿತ್ತು?