ಇಳಿಯಲು ಬಾರದ ಮೇಷ್ಟ್ರು

ಮೇಷ್ಟ್ರ ಎರಡು ಮೊಣಕಾಲುಗಳ ಮೇಲೂ ಕಪ್ಪಗೆ, ರೂಪಾಯಿಯಗಲದ ಗಾಯದ ಕಲೆಗಳಿದ್ದವು. ಪಂಚೆ ಎತ್ತಿ, ಬಲಗಾಲಿನದು ಸಾಗರದವರು ಕೈಬಿಟ್ಟದ್ದು, ಎಡಗಾಲಿನದು ತೀರ್ಥಹಳ್ಳಿಯವರು ಕೈಬಿಟ್ಟದ್ದು ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು. ಸಾಗರದಲ್ಲಿ ಹಿಂದಿ ಪಾಠ ಹೇಳುತ್ತಿದ್ದ ಅವರಿಗೆ ಸೈಕಲ್ ಹತ್ತಲು ಬರುತ್ತಿತ್ತು, ತುಳಿಯಲು ಬರುತ್ತಿತ್ತು. ಇಳಿಯಲು ಮಾತ್ರ ಬರುತ್ತಿರಲಿಲ್ಲ.

ಅಂಥವರು ಪ್ರತಿವರ್ಷ ಪರೀಕ್ಷೆ ಮುಗಿದು ಯುಗಾದಿ ಕಳೆದದ್ದೇ ಒಬ್ಬರೇ ಹೊರಟುಬಿಡುತ್ತಿದ್ದರು. ಶರಾವತಿಯ ದಡದ ದಾರಿ ಹಿಡಿದು ಹೊಸನಗರ, ಅಲ್ಲಿಂದ ಮುಂದೆ ತುಂಗೆ ಸಿಗುವ ತನಕ. ಹೊಳೆಯಂಚಿನ ಮಾವಿನ ಮರಗಳ ಅಪ್ಪೆಮಿಡಿ ಉಪ್ಪಿನಕಾಯಿಗೆಂದು ಆರಿಸುವುದು ನೆಪ. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಿಂದ, ತಮ್ಮನ್ನು ಹಿಡಿದು ಇಳಿಸಿದವರಿಗೆಲ್ಲ ಒಂದೊಂದು ಬೊಗಸೆ ಮಿಡಿ ಕೊಡುತ್ತಿದ್ದರು. ಜೊತೆಗೆ ಬರುತ್ತೇವೆಂದವರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ನಾನಾಗ ಹೊಸನಗರಕ್ಕೆ ಹೊಸಬ. ಶರಾವತಿಗೆ ದೊಡ್ಡ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗಲಿರುವ ಮನೆ, ಜಮೀನು ಅಳೆದು ಬರೆದುಕೊಳ್ಳುವ ಕೆಲಸ ನನ್ನದು. ನಾನು ಬೀದಿಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ತಪ್ಪೇನಿಲ್ಲ. ಆದರೆ ಬಾಡಿಗೆಗೊಂದು ಕೋಣೆ ಸಿಗದೆ, ಆಫೀಸಿನ ಬೆಂಚಿನ ಮೇಲೆ ಮಲಗಿ, ಮಾತಿಗೊಬ್ಬರಿಲ್ಲದೆ ನಾನು ಸೋತುಹೋಗಿದ್ದೆ. ಒಂದು ದಿನ ಕೆಲಸವೂ ಬೇಡ, ಏನೂ ಬೇಡ ಎಂದು ಪೇಟೆಬೀದಿಯಲ್ಲಿ ಟ್ರಂಕಿನ ಮೇಲೆ ಕೂತು ನನ್ನೂರಿನ ಬಸ್ಸಿಗೆ ಕಾಯುತ್ತಿದ್ದೆ.

ಇಳಿಜಾರಿನ ತುದಿಯಲ್ಲಿ ಬೆಲ್ ಬಡಿದುಕೊಂಡಿತು. ದರ್ಜಿ ಕತ್ತರಿ ಬಿಟ್ಟು ಎದ್ದ, ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಬಂದರು, ಬಳೆ ಅಂಗಡಿಯ ಅಕ್ಕ ಸೆರಗು ಸಿಕ್ಕಿಸಿಕೊಂಡಳು. ಮೂವರೂ ರಸ್ತೆಯಲ್ಲಿ ಕೈಚಾಚಿ ನಿಂತರು. ಮೇಷ್ಟ್ರು ಮೂವರನ್ನೂ ತಪ್ಪಿಸಿಕೊಂಡು ಸೀದಾ ನನ್ನತ್ತ ಬಂದರು.

"ಎಂತ ನೋಡ್ತಾ ಕೂತಿದೀಯ ಮಾರಾಯ, ಹಿಡ್ಕ" ಎಂದರು.

ಹ್ಯಾಂಡಲ್ ಹಿಡಿದೆ. ಮರುಕ್ಷಣ ಸೈಕಲ್ಲು, ಮೇಷ್ಟ್ರು, ಟ್ರಂಕು, ನಾನು ಎಲ್ಲ ಒಂದೇ ರಾಶಿ. ಮಿಡಿ ಬೀದಿತುಂಬ ಉರುಳಿತು. ಬಾಯಿ ತೆರೆದ ಟ್ರಂಕಿನಿಂದ ನನ್ನ ತೂತುಬಿದ್ದ ಬನಿಯನ್‌ಗಳು ಊರಿಗೆಲ್ಲ ದರ್ಶನ ಕೊಟ್ಟವು. ಬೀದಿಗೆ ಬೀದಿಯೇ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ.

"ಹ್ಯಾಂಡಲ್ ಅಲ್ಲ, ಸೀಟು ಹಿಡೀಬೇಕು. ಅಷ್ಟೂ ಗೊತ್ತಿಲ್ವಾ ನಿಮ್ಗೆ?" ಎಂದು ಅಕ್ಕ ಮಿಡಿ ಆರಿಸುತ್ತಲೇ ಗದರಿದಳು. ಆ ಊರಿನವರ ಪೈಕಿ ಮುಳುಗಡೆಯ ವಿಷಯ ಬಿಟ್ಟು ಬೇರೊಂದು ಮಾತನ್ನು ನನ್ನೊಡನೆ ಆಡಿದ ಮೊದಲಿಗಳು ಅವಳೇ. ಮೇಷ್ಟ್ರು ಮೊಣಕೈ ಒರೆಸಿಕೊಂಡು ಅಕ್ಕನಿಗೆ, "ಮುಂದಿನ ವರ್ಷ ನನ್ನ ಹಿಡಿಯೋದು ಇವ್ನೇ. ನಿನ್ನ ಅಂಗಡಿ ಹಿಂದಿನ ಕೋಣೆ ಖಾಲಿ ಇದ್ಯಲ್ಲ, ಕೊಡು" ಎಂದರು. ಅಷ್ಟರಲ್ಲಿ ಬಸ್ಸು ಬಂದು, ಹಾರನ್ ಹೊಡೆದು ಹೋಯಿತು.

ಮುಂದಿನ ವರ್ಷ ಸೀಟನ್ನೇ ಹಿಡಿದೆ. ಅದರ ಮರುವರ್ಷ ಕೆಲಸದ ಮೇಲೆ ತೀರ್ಥಹಳ್ಳಿಗೆ ಹೋದವನು ಸಂಜೆ ತುಂಗೆಯ ದಡದಲ್ಲಿ ಕೂತಿದ್ದೆ. ನಿರ್ಜನ ಕಾಲುದಾರಿಯಲ್ಲಿ ಮೇಷ್ಟ್ರು ಸೈಕಲ್ ತುಳಿಯುತ್ತ ಬಂದರು. ಎದ್ದು ಓಡಬೇಕೆನ್ನುವಷ್ಟರಲ್ಲಿ ಬ್ರೇಕ್ ಹಾಕಿ, ಕಾಲನ್ನು ಹಿಂದಿನಿಂದ ತಿರುಗಿಸಿ, ಪೋಸ್ಟ್‌ಮ್ಯಾನ್ ಇಳಿದಂತೆ ಸಲೀಸಾಗಿ ಇಳಿದರು. ನನ್ನನ್ನು ಕಂಡು ನಾಚಿಕೆಯನ್ನೇನೂ ಪಡಲಿಲ್ಲ.

"ಇಳಿಯೋಕೆ ಬರೋನ್ನ ಯಾರು ಮಾತಾಡಿಸ್ತಾರೆ, ಹೇಳು. ಊರಲ್ಲಿ ಬಾಯಿ ಬಿಡ್ಬೇಡ" ಎಂದರು.

ಹೆಂಡತಿ ಮಕ್ಕಳಿಲ್ಲದ ಮನುಷ್ಯ. ನಾನು ಬಾಯಿ ಬಿಡಲಿಲ್ಲ.

ನಾನು ಬಂದು ಹತ್ತು ವರ್ಷವಾಗುವ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಸಾಗರದಿಂದ ಬಂತು. ಅಷ್ಟರಲ್ಲಿ ಹೊಳೆಯಂಚಿನ ಹಾದಿ, ಮಿಡಿಯ ಮರಗಳು ಎಷ್ಟೋ ನೀರಿನಡಿ ಸೇರಿದ್ದವು. ಅವರು ಸುತ್ತುಹಾಕಿಕೊಂಡಾದರೂ ಬರುವುದನ್ನು ಬಿಟ್ಟಿರಲಿಲ್ಲ. ದರ್ಜಿಯ ಅಂಗಡಿ ಮೆಟ್ಟಿಲ ಮೇಲೆ ನಾವು ನಾಲ್ವರೂ ಕೂತಿದ್ದೆವು. ನನಗೆ ಅಳು ಬರುತ್ತಿತ್ತು. ಇನ್ನೇಕೆ ಮುಚ್ಚಿಡುವುದೆಂದು ತುಂಗೆಯ ದಡದಲ್ಲಿ ಕಂಡದ್ದನ್ನು ಹೇಳಿದೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಅವರು ತಾವೇ ಸೈಕಲ್ ಇಳಿದದ್ದನ್ನು ದರ್ಜಿ ಸಾಗರದ ಸ್ಟೇಷನ್ನಿನ ಹತ್ತಿರ ನೋಡಿದ್ದನಂತೆ, ಯಜಮಾನರು ಊರಾಚೆಯ ಮೋರಿಯ ಬಳಿ.

"ನೀವು ಬರೋ ಮೊದ್ಲೇ ನಂಗೆ ಗೊತ್ತಿತ್ತು. ಅಂದ್ಬಿಟ್ರೆ ಬರೋದೇ ಬಿಟ್ಬಿಡ್ತಾರೇನೋ ಅಂತ ಸುಮ್ನಿದ್ದೆ" ಎಂದಳು ಅಕ್ಕ.

ಮರುವರ್ಷ ಯುಗಾದಿ ಕಳೆದ ಮೇಲೊಂದು ಬೆಳಿಗ್ಗೆ ಇಳಿಜಾರಿನಲ್ಲಿ ಬೆಲ್ ಕೇಳಿ ನಾಲ್ವರೂ ರಸ್ತೆಗೆ ಬಂದು ನಿಂತೆವು. ಯಾರೋ ಗುರುತಿಲ್ಲದ ಹುಡುಗ. ನಮ್ಮೆದುರು ಬ್ರೇಕ್ ಹಾಕಿ ತಾನೇ ಇಳಿದ. ನಮಗೆಲ್ಲ ಅವನ ಮೇಲೆ ವಿಪರೀತ ಸಿಟ್ಟು ಬಂತು.