ರುಬ್ಬುಗುಂಡು ಇಳಿಸಿದ ದಿನ

ನಾನು ಮೋಟಾರ್ ಸೈಕಲ್ ಓಡಿಸುತ್ತಿದ್ದೆ ಎಂದರೆ ಈಗಿನ ಹುಡುಗಿಯರು ಅದರಲ್ಲೇನು ಎನ್ನುತ್ತಾರೆ. ಎಪ್ಪತ್ತರ ದಶಕದ ಹೊಸದುರ್ಗದಲ್ಲಿ ಅದರಲ್ಲಿ ಬಹಳ ಇತ್ತು. ಅದೂ ಮೂರು ಗಾಲಿಯ ಮೋಟಾರ್ ಸೈಕಲ್, ಎಡಪಕ್ಕಕ್ಕೆ ಸೈಡ್‌ಕಾರ್ ಜೋಡಿಸಿದ್ದು. ನಮ್ಮತ್ತೆ ಅದನ್ನು ತೊಟ್ಟಿಲು ಎನ್ನುತ್ತಿದ್ದರು, ಮುದ್ದಿಗಂತೂ ಅಲ್ಲ.

ನಮ್ಮದು ಸಂತೆಗಳಲ್ಲಿ ಸೀರೆ, ಪಂಚೆ ಮಾರುವ ಕಸುಬು. ಹೊಳಲ್ಕೆರೆ, ತಾಳ್ಯ, ಹಿರಿಯೂರು ಎಂದು ಸುತ್ತುತ್ತಿದ್ದೆವು. ಬಟ್ಟೆಯ ಗಂಟುಗಳನ್ನು ಸೈಡ್‌ಕಾರಿಗೆ ತುಂಬಿ ಯಜಮಾನರು ಗಾಡಿ ಓಡಿಸುತ್ತಿದ್ದರು, ನಾನು ಹಿಂದೆ ಕೂರುತ್ತಿದ್ದೆ. ಒಂದು ಮಳೆಗಾಲ ಅವರು ಅಟ್ಟದಿಂದ ಬಿದ್ದು ಬಲ ಮೊಣಕೈ ಮುರಿಯಿತು. ಮೂಳೆ ಕೂಡಿತು, ಕೈ ನೆಟ್ಟಗಾಗಲಿಲ್ಲ. ಎಕ್ಸಲೇಟರ್ ತಿರುವುವುದಿರಲಿ, ಅನ್ನ ಕಲಸುವುದೂ ಎಡಗೈಯಲ್ಲೇ ಆಯಿತು. ಬಸ್ಸಿನ ಮೇಲೆ ಗಂಟು ಹೇರಿಕೊಂಡು ಹೋದರೆ ನಾವು ಮುಟ್ಟುವ ಹೊತ್ತಿಗೆ ನಮ್ಮ ಜಾಗದಲ್ಲಿ ಇನ್ನೊಬ್ಬರು ಅಂಗಡಿ ಹರಡಿರುತ್ತಿದ್ದರು.

"ಗಾಡಿ ಮಾರಿಬಿಡಾಣ" ಎಂದರು ಯಜಮಾನರು.

"ನಾನು ಹೊಡೀತೀನಿ" ಎಂದೆ.

ಅವರು ನಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಪ್ರೀತಿ ಇರುವುದು ಅದಕ್ಕೇ.

ಕಲಿಸಿದ್ದೂ ಅವರೇ, ತೆಂಗಿನ ತೋಟಗಳಾಚೆಯ ಬಯಲಿನಲ್ಲಿ. ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹತ್ತುತ್ತಿದ್ದೆ. ಎರಡು ಗಾಲಿಯ ಗಾಡಿಯ ಹಾಗೆ ಇದು ತಿರುವಿನಲ್ಲಿ ವಾಲುವುದಿಲ್ಲ, ತೋಳಿನ ಬಲದಿಂದಲೇ ಎಳೆದು ತಿರುಗಿಸಬೇಕು. ಸೈಡ್‌ಕಾರ್ ಖಾಲಿ ಇದ್ದು ಎಡಕ್ಕೆ ತಿರುಗಿಸಿದರೆ ಅದರ ಗಾಲಿ ನೆಲ ಬಿಟ್ಟು ಏಳುತ್ತದೆ. ಹಾಗಾಗಿ ಸರಕು ಇಲ್ಲದ ದಿನ ಅಡುಗೆಮನೆಯ ಹಳೇ ರುಬ್ಬುಗುಂಡನ್ನು ಅದರೊಳಗೆ ಇಟ್ಟುಕೊಳ್ಳುತ್ತಿದ್ದೆವು.

ಅತ್ತೆಗೆ ಇದೆಲ್ಲ ಮೈ ಉರಿಯುವ ವಿಷಯ. ಚಿತ್ರದುರ್ಗದ ಮಠಕ್ಕೆ ಹೋಗಬೇಕಾದಾಗ ಮಾತ್ರ ಬೇರೆ ದಾರಿಯಿಲ್ಲದೆ ಸೈಡ್‌ಕಾರಿನಲ್ಲಿ ಕೂರುತ್ತಿದ್ದರು, ಸೆರಗನ್ನು ಮುಖದ ತನಕ ಎಳೆದುಕೊಂಡು. ಬರುವಾಗ ಹೊಸದುರ್ಗದ ಹೊರಗಿನ ಹುಣಸೆಮರದ ಹತ್ತಿರ "ಇಲ್ಲೇ ಇಳಿಸು" ಎಂದು ಇಳಿದು, ಹಿತ್ತಲ ಓಣಿಗಳಲ್ಲಿ ನಡೆದು ಮನೆ ಸೇರುತ್ತಿದ್ದರು. ಸೊಸೆ ಹೊಡೆಯುವ ಗಾಡಿಯಲ್ಲಿ ತಮ್ಮನ್ನು ಪೇಟೆಯ ಜನ ನೋಡಬಾರದು, ಅಷ್ಟೇ. ನನ್ನ ಸಿಟ್ಟನ್ನೆಲ್ಲ ನಾನು ಕಿಕ್ಕರ್ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಕಲಿಯುವವರಿಗೆ ಕೊಡುವ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಪಕ್ಕಾ ಲೈಸೆನ್ಸ್ ಸಿಗದಿದ್ದರೆ ಗಾಡಿ ಮಾರುವುದೇ ಗತಿ. ಕೊಳ್ಳುವವನೂ ಬಂದು ನೋಡಿಕೊಂಡು ಹೋಗಿದ್ದ. ಪರೀಕ್ಷೆ ಚಿತ್ರದುರ್ಗದಲ್ಲಿ, ಚಂದ್ರವಳ್ಳಿಯ ಕಡೆ ಹೋಗುವ ದಾರಿಯ ಒಂದು ಬಯಲಿನಲ್ಲಿ. ಯಜಮಾನರು ಜೊತೆಗಿದ್ದರು. ಮಠಕ್ಕೆಂದು ಅತ್ತೆಯೂ ಬಂದು ನೆರಳಲ್ಲಿ ಕುಳಿತಿದ್ದರು. ಲೈಸೆನ್ಸ್ ಕೊಡುವ ಸಾಹೇಬರು ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಮೂರು ಗಾಲಿ ಐತೆ. ನೀವು ಆಟೋ ಲೈಸೆನ್ಸ್ ಮಾಡಿಸ್ಬೇಕು."

"ನಮ್ಮ ಯಜಮಾನ್ರು ಮೋಟಾರ್ ಸೈಕಲ್ ಲೈಸೆನ್ಸಲ್ಲೇ ಇಷ್ಟು ವರ್ಷ ಇದನ್ನ ಹೊಡದಾರೆ. ಅವ್ರಿಗೆ ಮೋಟಾರ್ ಸೈಕಲ್ ಆಗಿದ್ದು ನಾನು ಹತ್ತಿದ್ರೆ ಆಟೋ ಆಗ್ತೈತಾ?"

ಪರೀಕ್ಷೆಗೆ ಕಾದು ನಿಂತಿದ್ದ ಗಂಡಸರು ಕಿಸಕ್ಕನೆ ನಕ್ಕರು. ಅದು ಸಾಹೇಬರಿಗೆ ನಾಟಿತು. ಸೈಡ್‌ಕಾರಿನೊಳಗೆ ಬಗ್ಗಿ ನೋಡಿದರು.

"ಇದೇನ್ರಿ, ರುಬ್ಬುಗುಂಡು? ಅಡಿಗೆ ಮಾಡಾಕೆ ಬಂದೀರಾ? ಇಳಸ್ರಿ. ಖಾಲಿ ಗಾಡೀಲಿ ಎಡಕ್ಕೆ ಎರಡು ಸುತ್ತು ಹೊಡದು ತೋರ್ಸ್ರಿ."

ಖಾಲಿ ಗಾಡಿ ಏನು ಮಾಡುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಜಮಾನರು ಎಡಗೈಯಲ್ಲಿ ಗುಂಡನ್ನು ಎತ್ತಲಾರದೆ ಒದ್ದಾಡುವುದನ್ನು ನೋಡಿ ನಾನೇ ಇಳಿಸಿದೆ.

"ಭಾರ ಇಲ್ದೆ ತಿರುಗ್ಸಿದ್ರೆ ಗಾಲಿ ಏಳ್ತೈತೆ. ನೀವೇ ಕುಂತ್ಕಳ್ರಿ ಸಾಹೇಬ್ರೆ, ಹತ್ತಿರದಿಂದ್ಲೇ ನೋಡ್ದಂಗಾಗ್ತೈತೆ" ಎಂದೆ.

ಹೆಂಗಸು ಓಡಿಸುವ ಗಾಡಿಯಲ್ಲಿ, ಅವಳಿಗಿಂತ ಕೆಳಗಿನ ಸೀಟಿನಲ್ಲಿ, ಅಷ್ಟು ಗಂಡಸರ ಮುಂದೆ ಕೂರುವುದುಂಟೇ? ಸಾಹೇಬರ ಮುಖ ಕೆಂಪಾಯಿತು. ಆಗದಿದ್ದರೆ ಮನೆಗೆ ಹೋಗಿ ಎಂದರು. ತಾನು ಕೂರುತ್ತೇನೆಂದು ಮುಂದೆ ಬಂದ ಯಜಮಾನರನ್ನು, ನೀವು ಹೇಳಿಕೊಡುತ್ತೀರಿ ಎಂದು ದೂರ ನಿಲ್ಲಿಸಿದರು. ನಾನು ಹತ್ತಿ ಕಿಕ್ಕರ್ ಮೇಲೆ ಕಾಲಿಟ್ಟೆ. ಗಾಡಿ ಮಗುಚಿದರೆ ಮಗುಚಲಿ, ಇಳಿಯುವುದಿಲ್ಲ ಎಂಬ ಹಟ ಬಂದುಬಿಟ್ಟಿತ್ತು.

ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಯಾರನ್ನೂ ಕೇಳದೆ ನೆರಿಗೆ ಎತ್ತಿ ಹಿಡಿದು ಸೈಡ್‌ಕಾರ್ ಹತ್ತಿ ಕುಳಿತರು.

"ಅಜ್ಜಿ, ಇಳೀರಿ. ಪರೀಕ್ಷೆ ಹೊತ್ನಲ್ಲಿ ಜನ ಇರಬಾರ್ದು" ಎಂದರು ಸಾಹೇಬರು.

"ಹೆಂಗಸ್ರನ್ನ ಯಾವಾಗ ಜನ ಅಂತ ಲೆಕ್ಕಕ್ಕೆ ಹಿಡದೀರಿ ಸಾಹೇಬ್ರೆ? ನನ್ನೂ ರುಬ್ಬುಗುಂಡು ಅಂತ ತಿಳ್ಕಳ್ರಿ" ಎಂದ ಅತ್ತೆ ನನ್ನ ಕಡೆ ತಿರುಗಿ, "ಹೊಡಿಯೇ" ಎಂದರು.

ಹೊಡೆದೆ. ಎಡಕ್ಕೆ ಎರಡು ಸುತ್ತು, ಮತ್ತೊಂದು ನನ್ನ ಖುಷಿಗೆ. ಅತ್ತೆ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು, ಗಾಲಿ ನೆಲ ಬಿಡಲಿಲ್ಲ. ನೋಡುತ್ತಿದ್ದ ಗಂಡಸರೇ "ಪಾಸ್ ಮಾಡ್ರಿ ಸಾಹೇಬ್ರೆ" ಎನ್ನತೊಡಗಿದರು. ಅವರ ಶಿಫಾರಸು ನನಗೇನೂ ಬೇಕಾಗಿರಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ. ಸಾಹೇಬರು ನನ್ನ ಮುಖ ನೋಡದೆ ಸಹಿ ಹಾಕಿದರು.

ರುಬ್ಬುಗುಂಡನ್ನು ಅತ್ತೆಯ ಕಾಲ ಬುಡದಲ್ಲಿಟ್ಟು, ಯಜಮಾನರನ್ನು ಹಿಂದೆ ಕೂರಿಸಿಕೊಂಡು ಹೊಳಲ್ಕೆರೆ ದಾಟಿ ಬಂದೆ. ಹುಣಸೆಮರ ಬಂದಾಗ ಎಂದಿನಂತೆ ಗಾಡಿ ನಿಲ್ಲಿಸಿದೆ. ಅತ್ತೆ ಇಳಿಯಲಿಲ್ಲ. ಮುಖದ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯಾಕೆ ನಿಲ್ಸಿದೆ? ಪ್ಯಾಟೆ ಒಳಗಿಂದ್ಲೇ ಹೋಗಾಣ" ಎಂದರು. "ತಾಲ್ಲೂಕು ಕಚೇರಿ ಮುಂದೆ ಸ್ವಲ್ಪ ಮೆಲ್ಲಕೆ ಹೊಡಿ. ಎಲ್ಲಾರೂ ನೋಡ್ಲಿ."